ಐದನೇ ತಾರೀಕಿನ ಬಾಡಿಗೆ

ಜೂನ್ ೫, ಗುರುವಾರ

ಬಸವೇಶ್ವರನಗರಕ್ಕೆ ಹೋಗಿ ಬಂದೆ. ಅನ್ನಪೂರ್ಣೇಶ್ವರಿ ನಗರದಿಂದ ಅಲ್ಲಿಗೆ ಆಟೋದವನು ಇನ್ನೂರು ರೂಪಾಯಿ ಕೇಳಿದ. ಹೆಂಗಸರಿಗೆ ಬಸ್ಸು ಪುಕ್ಕಟೆ ಇರುವಾಗ ನನಗೇನು ತಲೆ ಕೆಟ್ಟಿದೆಯೇ, ಬಸ್ಸಿಗೇ ಕಾದೆ. ಪ್ರತಿ ತಿಂಗಳು ಐದನೇ ತಾರೀಕು ಇದೊಂದು ಕರ್ಮ. ಕೆಳಗಿನ ಬೇಕರಿಯವನ ಬಾಡಿಗೆ ಬ್ಯಾಂಕಿಗೆ ಬಂದಿದೆಯೇ ನೋಡುವುದು, ಪಕ್ಕದ ಹಾರ್ಡ್‌ವೇರ್ ಅಂಗಡಿಯವನಿಂದ ಚೆಕ್ಕು ಇಸಿದುಕೊಳ್ಳುವುದು, ಆಮೇಲೆ ಮೆಟ್ಟಿಲು ಹತ್ತಿ ಆ ಹೆಂಗಸಿಗೆ ಅವಳ ತಿಂಗಳ ಪಾಲು ಕೊಟ್ಟು ಬರುವುದು.

ಆ ಹೆಂಗಸು ಎಂದರೆ ಶುಭಾ. ನಮ್ಮಣ್ಣ ಶ್ಯಾಮಸುಂದರ ಅರವತ್ತೆರಡನೇ ವಯಸ್ಸಿನಲ್ಲಿ, ಯಾರಿಗೂ ಹೇಳದೆ ಕೇಳದೆ, ರಿಜಿಸ್ಟರ್ ಆಫೀಸಿನಲ್ಲಿ ಹಾರ ಹಾಕಿ ಕರೆತಂದವಳು. ಗಂಡ ಸತ್ತವಳು, ಜೊತೆಗೆ ಹನ್ನೆರಡು ವರ್ಷದ ಮಗಳು ತನ್ಮಯಿ. ಆವತ್ತಿನಿಂದ ನಾನು ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಹೋದ ವರ್ಷ ಫೆಬ್ರವರಿಯಲ್ಲಿ ಅಣ್ಣ ತೀರಿಕೊಂಡ. ವಿಲ್ ಓದಿದರೆ, ಮಳಿಗೆ ಎರಡನ್ನೂ ಒಂದು ಟ್ರಸ್ಟಿಗೆ ಹಾಕಿದ್ದಾನೆ. ಬಾಡಿಗೆಯೆಲ್ಲ ತಾಯಿ ಮಗಳಿಗೆ. ಆದರೆ ಯಾರಿಗೆ ಎಷ್ಟು, ಯಾವಾಗ ಎನ್ನುವುದು ಟ್ರಸ್ಟಿಯಾದ ತಂಗಿ ಜಲಜಾಳ ಇಷ್ಟ. ಅಂದರೆ ನನ್ನ ಇಷ್ಟ. ಕೊನೆಗಾಲದಲ್ಲಾದರೂ ಯಾರನ್ನು ನಂಬಬೇಕೆಂದು ಅಣ್ಣನಿಗೆ ಗೊತ್ತಾಯಿತಲ್ಲ ಎಂದು ನನಗೆ ಸಮಾಧಾನ.

"ಕಾಫಿ ಮಾಡ್ತೀನಿ, ಕೂತ್ಕೊಳ್ಳಿ ಮೇಡಂ," ಎಂದಳು. ಬೇಡ ಎಂದೆ. ನಿಂತೇ ಚೆಕ್ಕು ಕೊಟ್ಟೆ, ನಿಂತೇ ಸಹಿ ತೆಗೆದುಕೊಂಡೆ. ಆ ಹುಡುಗಿ ಒಳಗಿನಿಂದ "ಚೆನ್ನಾಗಿದೀರಾ ಅತ್ತೆ?" ಎಂದಳು. ನಾನು ಯಾವ ಸೀಮೆಯ ಅತ್ತೆಯೋ ಇವಳಿಗೆ.

ಜೂನ್ ೧೪, ಶನಿವಾರ

ರಾಜಾಜಿನಗರಕ್ಕೆ ಹೋಗಿದ್ದೆ, ಆಡಿಟರ್ ಸಿದ್ದಲಿಂಗೇಶನ ಹತ್ತಿರ. ಎಂಟನೇ ಕ್ಲಾಸಿನಲ್ಲಿ ನನ್ನ ಬೀಜಗಣಿತಕ್ಕೆ ಹೆದರಿ ಹೊಟ್ಟೆನೋವು ಎಂದು ಮನೆಗೆ ಓಡುತ್ತಿದ್ದವನು. ಈಗ ಸೀರೆ ಅಂಗಡಿಯ ಮೇಲೆ ದೊಡ್ಡ ಆಫೀಸು, ಗಾಜಿನ ಬಾಗಿಲು. ಟ್ರಸ್ಟಿನದು ಒಂದು ರಿಟರ್ನ್ ಹಾಕಿಬಿಡು ಎಂದು ಕಾಗದಗಳನ್ನು ಮುಂದಿಟ್ಟೆ. ಓದುತ್ತ ಓದುತ್ತ ಅವನ ಮುಖ ಸಣ್ಣದಾಯಿತು.

"ಮಿಸ್, ಇದಕ್ಕೆ ಅಡ್ವಾನ್ಸ್ ಟ್ಯಾಕ್ಸ್ ಕಟ್ಟಿದೀರಾ?"

"ನಾನ್ಯಾಕೆ ಕಟ್ಲಿ? ದುಡ್ಡು ತಗೊಂಡೋರು ಅವರು. ಅವರವರ ಲೆಕ್ಕದಲ್ಲಿ ತೋರಿಸ್ಕೊಳ್ತಾರೆ."

"ಹಾಗಲ್ಲ ಮಿಸ್. ಇವರಿಗಿಷ್ಟು ಅವರಿಗಿಷ್ಟು ಅಂತ ವಿಲ್ಲಲ್ಲೇ ಬರೆದಿದ್ರೆ ಅವರವರ ದರಕ್ಕೆ ಹೋಗ್ತಿತ್ತು. ಇದು ನಿಮ್ಮ ಇಷ್ಟಕ್ಕೆ ಬಿಟ್ಟಿರೋ ಟ್ರಸ್ಟು. ಇಂಥದ್ದಕ್ಕೆ ಮೊದಲನೇ ರೂಪಾಯಿಂದಲೇ ಅತಿ ಮೇಲಿನ ದರ, ಅದೂ ಟ್ರಸ್ಟಿ ಕೈಯಲ್ಲೇ."

ನಾನೇನು ಬಿಡುತ್ತೇನೆಯೇ. ವಿಲ್ ಮೂಲಕ ಆದ ಟ್ರಸ್ಟಿಗೆ ರಿಯಾಯಿತಿ ಇದೆಯಂತಲ್ಲ, ಯೂಟ್ಯೂಬಿನಲ್ಲಿ ನೋಡಿದ್ದೇನೆ ಎಂದೆ.

"ಇದೆ. ವಿಲ್ಲಲ್ಲಿ ಅದೊಂದೇ ಟ್ರಸ್ಟ್ ಇದ್ರೆ ಮಾಮೂಲಿ ದರ, ಹನ್ನೆರಡು ಸಾವಿರದೊಳಗೆ ಮುಗೀತಿತ್ತು. ನಿಮ್ಮಣ್ಣ ಎರಡು ಮಾಡಿದಾರಲ್ಲ ಮಿಸ್."

ಎರಡನೆಯದು ರಾಮನವಮಿಯ ಪಾನಕದ್ದು. ಬಸವೇಶ್ವರನಗರದಲ್ಲಿ ಟಾರು ರಸ್ತೆ ಇಲ್ಲದ ಕಾಲದಲ್ಲಿ ನಮ್ಮಪ್ಪ ಶುರು ಮಾಡಿದ್ದು, ರಸ್ತೆ ಮೂಲೆಯಲ್ಲಿ ಪೆಂಡಾಲು ಹಾಕಿ ಬಂದವರಿಗೆಲ್ಲ ಪಾನಕ, ಮಜ್ಜಿಗೆ, ಕೋಸಂಬರಿ. ಅದು ನಿಲ್ಲಬಾರದು ಎಂದು ಅಣ್ಣ ಬ್ಯಾಂಕಿನಲ್ಲಿ ಎರಡು ಲಕ್ಷ ಇಟ್ಟು, ಅದಕ್ಕೂ ಬೇರೆ ಟ್ರಸ್ಟು ಎಂದು ವಿಲ್ಲಿನಲ್ಲೇ ಬರೆಸಿದ್ದಾನೆ. ಎಂಥ ಮಗ ಎಂದು ನಾನು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಆ ಪಾನಕದಿಂದಾಗಿ ಈಗ ತಾಯಿ ಮಗಳ ಬಾಡಿಗೆಯ ಮೇಲೆ, ಕಳೆಯುವುದನ್ನೆಲ್ಲ ಕಳೆದು ಉಳಿದದ್ದರಲ್ಲಿ, ಹತ್ತಿರ ಹತ್ತಿರ ಮೂರರಲ್ಲೊಂದು ಪಾಲು ಟ್ಯಾಕ್ಸು. ಬಡ್ಡಿ ಸೇರಿದರೆ ಒಂದು ಲಕ್ಷ ಎಪ್ಪತ್ತು ಸಾವಿರದ ಮೇಲಾಗುತ್ತದಂತೆ. ಹೋದ ವರ್ಷದ ಬಾಡಿಗೆಯನ್ನು ನಾನು ಕಾಸೂ ಉಳಿಸದೆ ಹಂಚಿಯಾಗಿದೆ. ಟ್ರಸ್ಟಿನ ಖಾತೆಯಲ್ಲಿ ಈಗಿರುವುದು ಆಗಸ್ಟಿನಲ್ಲಿ ಕಟ್ಟಬೇಕಾದ ತನ್ಮಯಿಯ ಕಾಲೇಜು ಫೀಸು ಮಾತ್ರ. ಫಿಸಿಯೋಥೆರಪಿ ಮೂರನೇ ವರ್ಷ.

ಅದನ್ನು ಟ್ಯಾಕ್ಸಿಗೆ ಕೊಟ್ಟರೆ ಹುಡುಗಿ ಒಂದು ವರ್ಷ ಮನೆಯಲ್ಲಿ ಕೂರಬೇಕು. ಕೊಡದಿದ್ದರೆ ಇಲಾಖೆ ಮೊದಲು ಹಿಡಿಯುವುದು ನನ್ನನ್ನೇ ಎಂದ ಸಿದ್ದಲಿಂಗೇಶ. ಎಷ್ಟು ವಿನಯದಿಂದ ಹೇಳಿದನೆಂದರೆ ಹೊಡೆಯಬೇಕೆನಿಸಿತು.

ಜೂನ್ ೧೫, ಭಾನುವಾರ

ನಮ್ಮವರಿಗೆ ಎಲ್ಲ ಹೇಳಿದೆ. ಹನುಮಂತಯ್ಯನವರು ಪೇಪರಿನಿಂದ ತಲೆ ಎತ್ತದೆ, "ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂತಾರಲ್ಲ, ಆ ಪೂಜಾರಿ ನೀನೇ ಕಣೇ," ಎಂದರು. ಮಧ್ಯಾಹ್ನ ಸಾರಿಗೆ ಉಪ್ಪು ಹಾಕಲಿಲ್ಲ. ಬೇಕೆಂದೇ.

ಜೂನ್ ೨೧, ಶನಿವಾರ

ಹೋಗಿ ಹೇಳಿಬಂದೆ. ಅಳುತ್ತಾಳೆ, ರಂಪ ಮಾಡುತ್ತಾಳೆ, ಲೆಕ್ಕ ಕೇಳುತ್ತಾಳೆ ಎಂದು ಸಿದ್ಧಳಾಗಿಯೇ ಹೋಗಿದ್ದೆ. ಶುಭಾ ಟೇಬಲ್ಲಿನ ಮೇಲಿದ್ದ ಬಟಾಣಿ ಸುಲಿಯುತ್ತ ಪೂರ್ತಿ ಕೇಳಿದಳು.

"ತಿಂದಿರೋದು ನಾವಲ್ವಾ ಮೇಡಂ, ಟ್ಯಾಕ್ಸೂ ನಾವೇ ಕಟ್ಬೇಕು. ಯೋಚ್ನೆ ಮಾಡ್ಬೇಡಿ, ಏನಾದ್ರೂ ಮಾಡೋಣ."

ನನಗೆ ಸಮಾಧಾನ ಹೇಳುತ್ತಾಳೆ. ಹೇಳಿಸಿಕೊಂಡು ಬಂದೆ. ನಾನು ಕೊಟ್ಟ ಹಣವನ್ನೆಲ್ಲ ತನ್ನ ರಿಟರ್ನಿನಲ್ಲಿ ತೋರಿಸಬೇಕೆಂದು ಚೆಕ್ಕಿನ ನಂಬರು ಸಮೇತ ಗುರುತು ಹಾಕಿಕೊಂಡಿದ್ದಳು, ಒಂದೂ ಬಿಟ್ಟಿರಲಿಲ್ಲ. ಸಿದ್ದಲಿಂಗೇಶನಿಗೆ ಅಲ್ಲಿಂದಲೇ ಫೋನು ಮಾಡಿದೆ. ಟ್ರಸ್ಟಿನ ಕೈಯಲ್ಲಿ ಒಮ್ಮೆ ಟ್ಯಾಕ್ಸ್ ಆದದ್ದು ಅವರ ಕೈಯಲ್ಲಿ ಮತ್ತೆ ಆಗುವುದಿಲ್ಲವಂತೆ. ಅಷ್ಟಾದರೂ ನ್ಯಾಯ ಇದೆ ಸದ್ಯ.

ಮುಚ್ಚಿಡುವ ಜಾತಿಯವಳಲ್ಲ ಎಂದು ಕಾಣುತ್ತದೆ. ಇರಲಿ, ನೋಡೋಣ.

ಜೂನ್ ೨೬, ಗುರುವಾರ

ನಮ್ಮವರ ಸಕ್ಕರೆ ಪರೀಕ್ಷೆಗೆ ಮನೆಗೇ ಬಂದು ರಕ್ತ ತೆಗೆದುಕೊಳ್ಳುವ ಲ್ಯಾಬಿಗೆ ಹೇಳಿದ್ದೆವು. ಬೆಳಿಗ್ಗೆ ಬಾಗಿಲು ತೆಗೆದರೆ ಹೆಲ್ಮೆಟ್ಟು ಹಿಡಿದುಕೊಂಡು ಶುಭಾ ನಿಂತಿದ್ದಾಳೆ. ವಿಜಯನಗರದ ಯಾವುದೋ ಲ್ಯಾಬಿನಲ್ಲಿ ಕೆಲಸ ಎಂದು ಗೊತ್ತಿತ್ತು, ಸ್ಕೂಟರಿನಲ್ಲಿ ಮನೆ ಮನೆ ಸುತ್ತುವ ಕೆಲಸ ಎಂದು ಗೊತ್ತಿರಲಿಲ್ಲ. ಕೇಳಿದ್ದರಲ್ಲವೇ ಗೊತ್ತಾಗುವುದು.

ಇವರು ಸೂಜಿ ಎಂದರೆ ಕಣ್ಣು ಮುಚ್ಚಿ ವಿಷ್ಣು ಸಹಸ್ರನಾಮ ಶುರು ಮಾಡುವ ಮನುಷ್ಯ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಮುಗಿದಿತ್ತು. "ಸೊಳ್ಳೆ ಕಚ್ಚಿದಷ್ಟೂ ಆಗ್ಲಿಲ್ವಲ್ಲಮ್ಮಾ," ಎಂದರು. ಅಷ್ಟರಲ್ಲಿ ಎದುರುಮನೆಯ ಹೊನ್ನವ್ವನ ಮಗ ಓಡಿಬಂದ. ಎಂಬತ್ತೆಂಟರ ಮುದುಕಿ, ಕೈಯಲ್ಲಿ ನರವೇ ಸಿಗುವುದಿಲ್ಲ, ಹಿಂದಿನ ಸಲ ಬಂದವನು ಎರಡೂ ಕೈ ಚುಚ್ಚಿ ನೀಲಿಗಟ್ಟಿಸಿ ಹೋಗಿದ್ದನಂತೆ. ಶುಭಾಳ ಹಿಂದೆ ನಾನೂ ಹೋದೆ, ನೋಡೇಬಿಡೋಣ ಎಂದು.

ಹೊನ್ನವ್ವ ಕೈ ಸೆರಗಿನೊಳಗೆ ಬಚ್ಚಿಟ್ಟುಕೊಂಡು, "ಬ್ಯಾಡವಾ, ಸತ್ರೂ ಒಲ್ಲೆ," ಎನ್ನುತ್ತಿದ್ದಳು. ಶುಭಾ ಸೂಜಿಯ ಡಬ್ಬಿ ತೆಗೆಯಲೇ ಇಲ್ಲ. ಪಕ್ಕದಲ್ಲಿ ಕೂತು, ನಿಮ್ಮೂರು ಯಾವುದಜ್ಜಿ, ಅಲ್ಲಿ ಈಗ ಮಳೆಯಾಗಿದೆಯಾ, ರೊಟ್ಟಿ ಈಗಲೂ ತಟ್ಟುತ್ತೀರಾ ಎಂದು ಕೇಳುತ್ತ, ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಮುದುಕಿಯ ಕೈಗೆ ಸುತ್ತಿದಳು. ಮುದುಕಿ ರೊಟ್ಟಿಯ ಹಿಟ್ಟು ಹೇಗೆ ನಾದಬೇಕೆಂದು ಇನ್ನೊಂದು ಕೈಯಲ್ಲಿ ತೋರಿಸುತ್ತಿರುವಾಗಲೇ ಈ ಕೈಯಿಂದ ರಕ್ತ ತೆಗೆದಾಗಿತ್ತು. ಒಂದೇ ಸಲಕ್ಕೆ. ಮೂವತ್ತು ವರ್ಷದ ಮೇಲೆ ಪಾಠ ಮಾಡಿದವಳು ನಾನು, ಕೆಲಸ ಬಲ್ಲವರನ್ನು ಕಂಡರೆ ನನಗೆ ತಿಳಿಯುತ್ತದೆ. ಎಂಥ ಕೈ ಅದು.

ಮನೆಗೆ ಕರೆದು ಕಾಫಿ ಕೊಟ್ಟೆ. ಖಾಲಿ ಹೊಟ್ಟೆಯಲ್ಲಿ ಬಂದಿದ್ದಳು, ಎರಡು ಇಡ್ಲಿಯನ್ನೂ ಹಾಕಿದೆ. ಮೊದಲು ಬಸವೇಶ್ವರನಗರ, ವಿಜಯನಗರ ಮಾತ್ರ ಇತ್ತಂತೆ. ಈಗ ರಾಜರಾಜೇಶ್ವರಿನಗರದವರೆಗೂ ಇನ್ನೊಂದು ಸುತ್ತು ಹೆಚ್ಚಿಗೆ ಕೇಳಿ ಹಾಕಿಸಿಕೊಂಡಿದ್ದಾಳೆ. ಯಾಕೆ ಎಂದು ನಾನು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

ಜುಲೈ ೫, ಶನಿವಾರ

ಮೆಟ್ಟಿಲು ಹತ್ತುವಾಗ ಮಂಡಿ ಹಿಡಿದುಕೊಂಡಿತು. ತನ್ಮಯಿ ನೋಡಿದವಳೇ ಸೋಫಾದಲ್ಲಿ ಕೂರಿಸಿ, ಕಾಲು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಅತ್ತೆ ಹೀಗೆ ಮಡಚಿ, ಹೀಗೆ ಚಾಚಿ ಎಂದು ಅರ್ಧ ಗಂಟೆ ಗೋಳು ಹುಯ್ದುಕೊಂಡಳು. ಆರ್ಥೋ ಡಾಕ್ಟರು ಬರೀ ಮಾತ್ರೆ ಬರೆದುಕೊಟ್ಟಿದ್ದ. ಇಳಿಯುವಾಗ ನೋವು ಅರ್ಧಕ್ಕರ್ಧ ಕಡಿಮೆ ಇತ್ತು. ಈ ಹುಡುಗಿಯ ಓದು ನಿಲ್ಲಬಾರದು.

ಶುಭಾಳ ಚೆಕ್ಕು ಬರೆಯಲು ಹೋದರೆ ತಡೆದಳು. ಒಳಗಿನಿಂದ ತಾನೇ ಒಂದು ಚೆಕ್ಕು ತಂದು ನನ್ನ ಮುಂದಿಟ್ಟಳು.

"ಚೀಟಿ ಎತ್ತಿದೆ ಮೇಡಂ. ಟ್ಯಾಕ್ಸಿಗೆ ಇದು, ಅದರ ಮೇಲೆ ನನ್ನ ಈ ತಿಂಗಳ ಪಾಲೂ ಇಟ್ಕೊಳ್ಳಿ. ತನ್ಮಯಿ ಫೀಸಿನ ದುಡ್ಡು ಮಾತ್ರ ಮುಟ್ಬೇಡಿ."

ಅವಧಿಗೆ ಮೊದಲೇ ಹರಾಜು ಕೂಗಿ ಎತ್ತಿದರೆ ಕಸರೆಂದು ಎಷ್ಟು ದುಡ್ಡು ಕಳೆದುಹೋಗುತ್ತದೆಂದು ನನಗೆ ಗೊತ್ತಿಲ್ಲವೇ. ಮನೆಗೆ ಸೋಲಾರ್ ಹಾಕಿಸಲು ಕಟ್ಟುತ್ತಿದ್ದ ಚೀಟಿ ಅದು. ನನ್ನ ಪೆನ್ಷನ್ನಿನಲ್ಲಿ ಅರ್ಧ ಹಾಕುತ್ತೇನೆ ಎಂದೆ. ಸುತರಾಂ ಒಪ್ಪಲಿಲ್ಲ. ಕೊನೆಗೆ, ಟ್ಯಾಕ್ಸು ನಿನ್ನದು, ಆದರೆ ಹೊತ್ತಿಗೆ ಸರಿಯಾಗಿ ಕಟ್ಟದೆ ಬಡ್ಡಿ ಬೆಳೆಸಿದ್ದು ನಾನು, ಬಡ್ಡಿ ನನ್ನದು ಎಂದೆ. "ಆಯ್ತು" ಎಂದಳು.

ಕಾಫಿಗೆ ಸಕ್ಕರೆ ಒಂದು ಚಮಚ ಹೆಚ್ಚು. ಹೇಳಿದ್ದೇನೆ, ಮುಂದಿನ ಸಲಕ್ಕೆ ಸರಿಯಾಗುತ್ತದೆ.

ಜುಲೈ ೧೨, ಶನಿವಾರ

ಹೋದ ವರ್ಷದ್ದು ಹೇಗೋ ಆಯಿತು, ಈ ವರ್ಷವೂ ಮುಂದಿನ ವರ್ಷವೂ ಇದೇ ಕಥೆಯಾದರೆ ಚೀಟಿ ಎಲ್ಲಿಂದ ಎತ್ತುತ್ತಾಳೆ? ಅದನ್ನೇ ಸಿದ್ದಲಿಂಗೇಶನಿಗೆ ಕೇಳಿದೆ. ಅವನ ಹತ್ತಿರ ದಾರಿ ಇತ್ತು.

"ಇಬ್ರೂ ವಯಸ್ಸಿಗೆ ಬಂದೋರು. ಇಬ್ರೂ ಒಂದೇ ಮಾತಲ್ಲಿ, ಆಸ್ತಿ ನಮಗೇ ಬಿಟ್ಕೊಡಿ ಅಂತ ಬರೆದು ಕೇಳಿದ್ರೆ ಟ್ರಸ್ಟಿ ಬಿಟ್ಕೊಡಬೇಕು ಮಿಸ್. ಒಬ್ಬೊಬ್ರಿಗೆ ಒಂದೊಂದು ಮಳಿಗೆ. ಟ್ರಸ್ಟು ಅಲ್ಲಿಗೆ ಮುಗೀತು. ಬಾಡಿಗೆ ಅವರವರ ಸ್ವಂತ ಆದಾಯ ಆಗತ್ತೆ, ಅವರಿಗಿರೋ ಆದಾಯಕ್ಕೆ ಒಂದು ಪೈಸೆ ಟ್ಯಾಕ್ಸ್ ಬರಲ್ಲ."

"ಆಮೇಲೆ ನಾನು?"

"ನೀವು ಆರಾಮು ಮಿಸ್. ತಿಂಗಳು ತಿಂಗಳು ಓಡಾಡೋದು ತಪ್ಪತ್ತೆ."

ಅವರಿಗೆ ತಾನೇ ಫೋನು ಮಾಡಿ ತಿಳಿಸಲೇ ಎಂದ. ಬೇಡ, ನಾನೇ ಹೇಳುತ್ತೇನೆ ಎಂದೆ.

ಜುಲೈ ೧೩, ಭಾನುವಾರ

ಹೇಳಲಿಲ್ಲ. ಆಷಾಢ ನಡೆಯುತ್ತಿದೆ. ಆಷಾಢದಲ್ಲಿ ಆಸ್ತಿಯ ಮಾತು ಯಾರಾದರೂ ಎತ್ತುತ್ತಾರೆಯೇ.

ಜುಲೈ ೧೮, ಶುಕ್ರವಾರ

ಶುಭಾ ಎರಡು ಸಲ ಫೋನು ಮಾಡಿದ್ದಳು, ಮಂಡಿ ಹೇಗಿದೆ ಎಂದು. ತೆಗೆಯಲಿಲ್ಲ.

ಜುಲೈ ೨೪, ಗುರುವಾರ, ಭೀಮನ ಅಮಾವಾಸ್ಯೆ

ಬೆಳಿಗ್ಗೆ ಇವರ ಪಾದಪೂಜೆ ಮಾಡಿ ಏಳುವಷ್ಟರಲ್ಲಿ, ಆಶೀರ್ವಾದದ ಬದಲು, "ಆಷಾಢ ಇವತ್ತಿಗೆ ಮುಗೀತಲ್ಲ, ನಾಳೆಯಿಂದ ಏನು ನೆಪ ಹುಡುಕ್ತೀಯ?" ಎಂದರು. ನಲವತ್ತು ವರ್ಷದ ಸಂಸಾರ, ಇವರಿಗೆ ಏನು ಮುಚ್ಚಿಟ್ಟರೂ ದಂಡ. ಒಂದೊಂದು ತಿಂಗಳು ತಡ ಮಾಡಿದರೂ ಆ ತಿಂಗಳ ಬಾಡಿಗೆಯಲ್ಲಿ ಅಷ್ಟು ಪಾಲು ಟ್ಯಾಕ್ಸಿಗೆ ಹೋಗುತ್ತದೆಂದು ಲೆಕ್ಕದ ಮೇಷ್ಟ್ರಮ್ಮನಿಗೆ ಬಸ್ ಡಿಪೋ ಮ್ಯಾನೇಜರಾಗಿ ರಿಟೈರಾದ ಇವರು ಪಾಠ ಹೇಳಿದರು. ಸೀರೆ ಬದಲಾಯಿಸಿ ಬಸ್ಸು ಹತ್ತಿದೆ.

ಶುಭಾ ಆಗ ತಾನೇ ಡ್ಯೂಟಿ ಮುಗಿಸಿ ಬಂದು ಒಗ್ಗರಣೆ ಹಾಕುತ್ತಿದ್ದಳು. ಒಲೆ ಆರಿಸಿ ಎದುರು ಕೂತಳು. ಒಂದೇ ಉಸಿರಿಗೆ ಹೇಳಿಬಿಟ್ಟೆ. ಇಬ್ಬರೂ ಸೇರಿ ಒಂದು ಪತ್ರ ಕೊಡಿ, ಮಳಿಗೆ ನಿಮ್ಮ ಹೆಸರಿಗೆ ಆಗುತ್ತದೆ, ಟ್ಯಾಕ್ಸಿನ ಕಾಟ ಇರುವುದಿಲ್ಲ, ನನ್ನ ಕಾಟವೂ ಇರುವುದಿಲ್ಲ ಎಂದೆ.

"ಗೊತ್ತಿತ್ತು," ಎಂದಳು.

"ಏನು ಗೊತ್ತಿತ್ತು?"

"ನಾವು ಕೇಳಿದ್ರೆ ನೀವು ಬಿಟ್ಕೊಡಬೇಕು ಅನ್ನೋದು. ವಿಲ್ ಓದಿದ ದಿನವೇ ಲಾಯರು ನನ್ನ ಪಕ್ಕಕ್ಕೆ ಕರೆದು ಹೇಳಿದ್ರು. ಈ ಟ್ಯಾಕ್ಸಿನ ವಿಷಯ ಒಂದು ಗೊತ್ತಿರ್ಲಿಲ್ಲ ಅಷ್ಟೆ."

ಒಂದೂವರೆ ವರ್ಷ. ನಿಂತುಕೊಂಡೇ ಚೆಕ್ಕು ಬಿಸಾಡಿ, ಸಹಿ ಹಾಕಿಸಿಕೊಂಡು, ಕೊಟ್ಟ ಕಾಫಿ ಬೇಡ ಎಂದು ಬಂದಿದ್ದೇನೆ. ಅವಳು ಒಂದೇ ಒಂದು ಕಾಗದ ಬರೆದಿದ್ದರೆ ನನ್ನ ಯಜಮಾನಿಕೆ ಆವತ್ತೇ ಮಣ್ಣುಪಾಲಾಗುತ್ತಿತ್ತು. ಮತ್ತೆ ಯಾಕೆ ಕೇಳಲಿಲ್ಲ ಎಂದೆ.

"ಅವರು ನಿಮ್ಮನ್ನ ದುಡ್ಡು ಕಾಯೋಕೆ ಅಂತ ಇಟ್ಟಿರ್ಲಿಲ್ಲ. ಜಲಜಾ ಮಾತಿಗೆ ಬರಲ್ಲ, ಜವಾಬ್ದಾರಿ ಕೊಟ್ರೆ ಬರ್ತಾಳೆ, ಬಾಡಿಗೆ ನೆಪದಲ್ಲಾದ್ರೂ ತಿಂಗಳಿಗೊಂದ್ಸಲ ಅವಳು ಈ ಮನೆ ಮೆಟ್ಟಿಲು ಹತ್ಲಿ ಅಂತ, ಆಸ್ಪತ್ರೇಲಿ ನನ್ನ ಹತ್ರ ಹೇಳಿದ್ರು. ನಾನು ಪತ್ರ ಕೊಟ್ಟಿದ್ರೆ ನೀವು ಬರೋದು ನಿಂತು ಹೋಗ್ತಿತ್ತಲ್ವಾ?"

ಅತ್ತುಬಿಟ್ಟೆ. ಅಣ್ಣ ಸತ್ತ ದಿನ ಕೂಡ ನಾಲ್ಕು ಜನರ ಮುಂದೆ ಅತ್ತವಳಲ್ಲ ನಾನು. ಅಣ್ಣ ನನ್ನನ್ನು ನಂಬಿದ್ದ ನಿಜ, ಆದರೆ ನಾನು ಅಂದುಕೊಂಡಿದ್ದಕ್ಕಲ್ಲ. ಅವನ ಆ ಒಂದು ಆಸೆಗೆ ಇವಳು ನನ್ನ ಎಲ್ಲ ಮಾತನ್ನೂ ಸಹಿಸಿಕೊಂಡಳು. ನಾನಾಗಿದ್ದರೆ ಎರಡನೇ ತಿಂಗಳೇ ಪತ್ರ ಬರೆದು ಮುಖದ ಮೇಲೆ ಎಸೆಯುತ್ತಿದ್ದೆ. ಇಷ್ಟು ದೊಡ್ಡ ಮನಸ್ಸಿನವರನ್ನು ನಾನು ಹೆಚ್ಚು ನೋಡಿಲ್ಲ.

ಶುಭಾ ಒಳಗೆ ಹೋಗಿ ನೀರು ತಂದಳು. ಪತ್ರ ಕೊಡುವುದಿಲ್ಲ, ಟ್ಯಾಕ್ಸು ಹೋದರೆ ಹೋಗಲಿ ಎಂದಳು. ಇನ್ನೊಬ್ಬರ ಮನೆಗೆ ಹೋಗಿಬರಲು ಸರ್ಕಾರಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ ಕಟ್ಟುವವರನ್ನು ನಾನೆಲ್ಲೂ ಕಂಡಿಲ್ಲ ಎಂದು ಬೈದು, ಪತ್ರವನ್ನು ನಾನೇ ಬರೆದೆ, ಅವರಿಬ್ಬರ ಸಹಿ ಹಾಕಿಸಿದೆ.

ಆಗಸ್ಟ್ ೪, ಸೋಮವಾರ

ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅರ್ಧ ದಿನ. ಸರ್ವರ್ ಡೌನ್, ಊಟದ ಹೊತ್ತು, ಮತ್ತೆ ಸರ್ವರ್ ಡೌನ್. ಬೇಕರಿ ಮಳಿಗೆ ತನ್ಮಯಿಗೆ, ಹಾರ್ಡ್‌ವೇರಿನದು ಶುಭಾಗೆ. ನನ್ನ ಹೆಬ್ಬೆಟ್ಟಿನ ಗೆರೆ ಸವೆದಿದೆಯಂತೆ, ಯಂತ್ರ ತೆಗೆದುಕೊಳ್ಳಲಿಲ್ಲ. ಶುಭಾ ನನ್ನ ಬೆರಳನ್ನು ಒರೆಸಿ, ಸ್ವಲ್ಪ ನೀವಿ, ಅದುಮಿ ಹಿಡಿದಳು. ಬಂತು.

ತನ್ಮಯಿಯ ಫೀಸು ಬೆಳಿಗ್ಗೆಯೇ ಕಟ್ಟಿಯಾಗಿದೆ. ಮೂವರೂ ದರ್ಶಿನಿಯಲ್ಲಿ ಮಸಾಲೆ ದೋಸೆ ತಿಂದೆವು. ಬಿಲ್ಲಿಗೆ ಜಗಳವಾಡಿ ನಾನೇ ಕೊಟ್ಟೆ.

ಆಗಸ್ಟ್ ೫, ಮಂಗಳವಾರ

ಐದನೇ ತಾರೀಕು. ಮನೆಯಲ್ಲೇ ಇದ್ದೆ. ಕಪಾಟು ಜೋಡಿಸಿದೆ. ಹೊತ್ತೇ ಹೋಗಲಿಲ್ಲ.

ಆಗಸ್ಟ್ ೨೬, ಮಂಗಳವಾರ, ಗೌರಿ ಹಬ್ಬ

ಪೂಜೆ ಮುಗಿಸಿ ಹೋಳಿಗೆ ತಟ್ಟುತ್ತಿದ್ದೆ. ತನ್ಮಯಿ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ತಟ್ಟೆ. ಬಳೆ, ರವಿಕೆ ಕಣ, ತೆಂಗಿನಕಾಯಿ, ವೀಳ್ಯದೆಲೆಯ ಮೇಲೆ ಒಂದು ಕವರು. "ಅತ್ತೆ, ನಿಮ್ಮ ತವರು ಮನೆಯಿಂದ," ಎಂದಳು. ಗೌರಿ ಹಬ್ಬಕ್ಕೆ ತವರಿನಿಂದ ದುಡ್ಡು ಬರುವುದು ನಿಂತು ಎಂಟು ವರ್ಷವಾಗಿತ್ತು. ಅಣ್ಣ ಕಳಿಸಿದ್ದನ್ನು ನಾನೇ ವಾಪಸು ಕಳಿಸಿದ್ದೆ, ಆಮೇಲೆ ಅವನೂ ಕಳಿಸಲಿಲ್ಲ.

ಅಮ್ಮ ಎಲ್ಲಿ ಎಂದರೆ ಗೇಟಿನ ಕಡೆ ತೋರಿಸಿದಳು. ಶುಭಾ ಸ್ಕೂಟರಿನ ಪಕ್ಕ ನಿಂತಿದ್ದಳು. ಮುತ್ತೈದೆಯರ ಹಬ್ಬ, ನಾನು ಯಾಕೆ ಒಳಗೆ ಬರಲಿ, ಅವಳೇ ಕೊಡಲಿ ಎಂದು ಅಲ್ಲಿಂದಲೇ ಹೇಳಿದಳು. ಹಿಟ್ಟಿನ ಕೈಯಲ್ಲೇ ಹೋಗಿ ರಟ್ಟೆ ಹಿಡಿದೆ.

"ತವರಿನ ದುಡ್ಡು ಆ ಮನೆ ಯಜಮಾನಿ ಕೈಯಿಂದ ಬರ್ಬೇಕು. ಮಕ್ಕಳ ಕೈಲಿ ಕೊಟ್ಟು ಗೇಟಲ್ಲಿ ನಿಲ್ಲೋದು ಯಾವ ಊರ ಪದ್ಧತಿ? ಒಳಗೆ ಬಾ."

ಬಂದಳು. ದೇವರ ಮುಂದೆ ಮಣೆ ಹಾಕಿ ಕೂತೆ, ಅವಳ ಕೈಯಿಂದಲೇ ಮಡಿಲಿಗೆ ಹಾಕಿಸಿಕೊಂಡೆ. ಎದುರುಮನೆ ಕಿಟಕಿಯಲ್ಲಿ ಯಾರೋ ನೋಡುತ್ತಿದ್ದರು. ನೋಡಿಕೊಳ್ಳಲಿ. ಕವರಿನಲ್ಲಿ ಸಾವಿರದೊಂದು ರೂಪಾಯಿ ಇತ್ತು.

"ನನ್ನ ಹೆಸರಿಗೆ ಬಂದ ಮೊದಲನೇ ಬಾಡಿಗೆ ಜಲಜಕ್ಕ. ಅದರಲ್ಲಿ ಮೊದಲು ತೆಗೆದಿಟ್ಟಿದ್ದು ಇದು," ಎಂದಳು.

ಊಟ ಮಾಡಿಸಿಯೇ ಕಳಿಸಿದೆ. ಮಧ್ಯಾಹ್ನ ಸಿದ್ದಲಿಂಗೇಶ ಫೋನು ಮಾಡಿದ, ಟ್ರಸ್ಟಿನ ಹೋದ ವರ್ಷದ ಟ್ಯಾಕ್ಸು, ಬಡ್ಡಿ ಎಲ್ಲ ಕಟ್ಟಿ ರಿಟರ್ನ್ ಹಾಕಿದ್ದೇನೆ ಎಂದು. ನನಗೆ ಹೋಳಿಗೆ ತಿಂದ ಖುಷಿ, ಸುಮ್ಮನಿರಲಾಗಲಿಲ್ಲ.

"ನಂಗೂ ಇವತ್ತು ಆದಾಯ ಬಂದಿದೆ ಕಣೋ, ಸಾವಿರದೊಂದು ರೂಪಾಯಿ. ಎಷ್ಟು ಟ್ಯಾಕ್ಸ್ ಕಟ್ಬೇಕು ಹೇಳು."

"ಯಾರು ಕೊಟ್ರು ಮಿಸ್?"

"ನಮ್ಮತ್ತಿಗೆ."

ಬೀಜಗಣಿತಕ್ಕೆ ಹೆದರಿ ಓಡುತ್ತಿದ್ದ ಅದೇ ಹುಡುಗ, ಮೆಲ್ಲಗೆ ಹೇಳಿದ.

"ಅತ್ತಿಗೆ ಎಷ್ಟು ಕೊಟ್ರೂ ಟ್ಯಾಕ್ಸ್ ಇಲ್ಲ ಮಿಸ್. ಕಾನೂನಿನ ಪ್ರಕಾರ ಅವರು ಸ್ವಂತದವರು."